ಸ್ಕೋಪಿನ ಮೇಲಿನ ಬಳೆ ಡಬ್ಬಿ

ಕಳೆದ ಸೂಟಿಯಲ್ಲಿ ನೀವು ಮೊಮ್ಮಕ್ಕಳೆಲ್ಲ ಬನಹಟ್ಟಿಗೆ ಬಂದಾಗ, ನಿಮ್ಮೊಳಗಿನ ದೊಡ್ಡವಳು ಮುಂದಿನ ಕೋಣೆಯ ಹಳೆಯ ಸ್ಕೋಪ್ ಮಷಿನ್ನಿನ ಪ್ಲಗ್ ಹಿಡಿದುಕೊಂಡು ಗೋಡೆಯ ಎರಡು ತೂತಿನ ಸಾಕೆಟ್ಟಿಗೆ ತುರುಕಲು ನೋಡಿದಳು. ಮೂರನೆಯ ದಪ್ಪ ಕಾಲು ಅಡ್ಡ ಬಂತು. "ಆಯಿ, ಇದೊಂದು ಪಿನ್ ಮುರದ್ರ ಹೋಗತೈತಿ ನೋಡು" ಎಂದಳು. ನಾನು ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಪ್ಲಗ್ ಕಸಿದುಕೊಂಡೆ. ಅವಳ ಮುಖ ಸಣ್ಣದಾಯಿತು. ಆಮೇಲೆ ಸ್ಕೋಪಿನ ಮೇಲಿದ್ದ ತಗಡಿನ ಡಬ್ಬಿ ಅಲುಗಿಸಿ, "ಇದರಾಗ ಏನೂ ಇಲ್ಲ, ಒಗೀಲೇನು?" ಎಂದು ಕೇಳಿದಳು. ಅದನ್ನೂ ಕಸಿದುಕೊಂಡೆ.

ನಾನು ಮಾತು ಕಡಿಮೆಯವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕಾದರೆ ಈಗಲೂ ನಾಲಿಗೆ ಒಣಗುತ್ತದೆ. ಆದ್ದರಿಂದ ಆ ದಿನ ಏನೂ ಹೇಳಲಿಲ್ಲ. ಪಿನ್ನು ಯಾಕೆ ಮುರಿಯಬಾರದು, ಖಾಲಿ ಡಬ್ಬಿ ಯಾಕೆ ಒಗೆಯಬಾರದು ಎನ್ನುವುದಕ್ಕೆ ಎರಡು ಕತೆಗಳಿಲ್ಲ, ಒಂದೇ ಇದೆ. ಅದನ್ನು ಬರೆದು ಇಡುತ್ತಿದ್ದೇನೆ. ಓದಿದ ಮೇಲೆ ಸ್ಕೋಪಿಗೆ ಕೈ ಹಚ್ಚಿರಿ.

ಬಾಗಲಕೋಟೆ ಬೇರೆ ಜಿಲ್ಲೆಯಾದ ಮರುವರ್ಷ ನಿಮ್ಮ ಅಜ್ಜ ಅದನ್ನು ಜಮಖಂಡಿಯ ಗುಜರಿಯಿಂದ ತಂದರು. ಆಣೆಕಟ್ಟಿನ ನೀರು ಬರುವ ಮುಂಚೆ ಹೊಳೆಸಾಲಿನ ಊರುಗಳನ್ನೂ ಕಚೇರಿಗಳನ್ನೂ ಖಾಲಿ ಮಾಡುತ್ತಿದ್ದ ಕಾಲ ಅದು. ಗುಜರಿಯವನ ಅಂಗಳದಲ್ಲಿ ತೊಲೆ, ಬಾಗಿಲು, ಬೆಂಚು, ಗೋಡೆ ಗಡಿಯಾರ ಎಲ್ಲ ರಾಶಿ ಬೀಳುತ್ತಿದ್ದವು. ಆ ರಾಶಿಯ ತಳದಲ್ಲಿ ಇದೂ ಇತ್ತಂತೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಭಾರಕ್ಕೆ ಎರಡೂ ಕಾಲು ಜೋಮು ಹಿಡಿದು, ಓಣಿಯಲ್ಲಿ ಕುಂಟುತ್ತ ಬಂದರು.

"ಏನ್ರಿ ಅದು, ಟ್ರಂಕೇನು?" ಎಂದೆ.

"ಟ್ರಂಕಲ್ಲ. ಆಸಿಲೋಸ್ಕೋಪ. ಇದರಾಗ ಕರೆಂಟ್ ಕಣ್ಣಿಗೆ ಕಾಣತೈತಿ."

ನನ್ನ ಅತ್ತೆ ಪಡಸಾಲೆಯಿಂದಲೇ ಕೂಗಿದರು: "ಕಾಣೂ ಕರೆಂಟ್ ತಗೊಂಡು ಏನ್ ಮಾಡ್ತಿಯೋ? ಕಾಣಲಾರದ್ದಕ್ಕ ಬಿಲ್ಲ ತುಂಬಿ ಸಾಕಾಗೇತಿ!"

ಅಜ್ಜನದು ರೇಡಿಯೋ, ಟಿವಿ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಪಡಸಾಲೆಯಲ್ಲಿ ಭಾವನವರ, ಎಂದರೆ ಅವರ ಅಣ್ಣನ, ನಾಲ್ಕು ವಿದ್ಯುತ್ ಮಗ್ಗಗಳು. ಬೆಳಗಾದರೆ ಅವುಗಳ ಸದ್ದಿನಲ್ಲೇ ನಮ್ಮ ಮಾತು, ನಮ್ಮ ಊಟ.

ಸ್ಕೋಪು ಬಂದ ದಿನವೇ ಅಜ್ಜನಿಗೆ ಒದೆಯಿತು. ಪ್ಲಗ್ ಹಾಕಿ ಪೆಟ್ಟಿಗೆಯ ಅಂಚು ಮುಟ್ಟಿದ್ದರು ಅಷ್ಟೇ. ಕೈ ಹಿಂದಕ್ಕೆ ಹಾರಿ ಮೊಣಕೈ ಗೋಡೆಗೆ ಬಡಿಯಿತು. ಪ್ಲಗ್ ಕಿತ್ತು ನೋಡಿದರೆ, ಹಿಂದೆ ಇದನ್ನು ವಾಪರಿಸಿದವರು ಯಾರೋ ಮೂರನೆಯ ದಪ್ಪ ಪಿನ್ನನ್ನು ಗರಗಸದಿಂದ ಕೊಯ್ದಿದ್ದರು.

"ಇದರ ಮೂಗ ಕೊಯ್ದಾರ ನೋಡು" ಎಂದು ಅಜ್ಜ ಬೈದುಕೊಂಡರು. ಆಮೇಲೆ ನನಗೆ ತಿಳಿಸಿ ಹೇಳಿದರು. ನಾನು ಕೇಳದಿದ್ದರೂ ಹೇಳುವುದು ಅವರ ಸ್ವಭಾವ.

ಸ್ಕೋಪಿನ ತಂತಿಗೆ ಪ್ರೋಬು ಎನ್ನುತ್ತಾರೆ. ಅದರ ತುದಿಯಿಂದ ಟಿವಿಯೊಳಗಿನ ಜಾಗ ಮುಟ್ಟಬೇಕು. ಅದರ ಬದಿಯ ಕರಿ ಚಿಮಟಿಗೆಯನ್ನು ಟಿವಿಯ ತಳದ ತಗಡಿಗೆ ಕಚ್ಚಿಸಬೇಕು. ಆ ಚಿಮಟಿಗೆ ಒಳಗಿಂದ ಸ್ಕೋಪಿನ ಲೋಹದ ಪೆಟ್ಟಿಗೆಗೇ ಜೋಡಿಸಿರುತ್ತದೆ. ಪೆಟ್ಟಿಗೆ ಮೂರನೆಯ ಪಿನ್ನಿನಿಂದ ನೆಲಕ್ಕೆ ಜೋಡಿಸಿರುತ್ತದೆ. ಒಳಗೆ ಎಲ್ಲಾದರೂ ಕರೆಂಟ್ ಸೋರಿದರೆ ನೆಲಕ್ಕೆ ಹೋಗುತ್ತದೆ, ನಿಮ್ಮ ಮೈಯಿಂದ ಹಾಯುವುದಿಲ್ಲ. ಆದರೆ ಹಳೆಯ ಟಿವಿಗಳ ತಳದ ತಗಡಿನಲ್ಲೇ ಮನೆಯ ಕರೆಂಟ್ ಇರುತ್ತಿತ್ತು. ಚಿಮಟಿಗೆ ಕಚ್ಚಿಸಿದ ಕೂಡಲೇ ಢಂ ಎಂದು ಫ್ಯೂಸು ಹೋಗುತ್ತಿತ್ತು. ಅದನ್ನು ತಪ್ಪಿಸಲು ಮೆಕ್ಯಾನಿಕ್ಕರು ಮೂರನೆಯ ಪಿನ್ನು ಕೊಯ್ಯುವುದು ಕಲಿತರು. ಆಗ ಢಂ ಎನ್ನುವುದಿಲ್ಲ, ನಿಜ. ಆದರೆ ಇಡೀ ಪೆಟ್ಟಿಗೆಯೇ ಕರೆಂಟ್ ಆಗಿ ಕೂತಿರುತ್ತದೆ, ಯಾರು ಮುಟ್ಟುತ್ತಾರೋ ಎಂದು ಕಾಯುತ್ತ.

ಅಜ್ಜ ಹೊಸ ಪ್ಲಗ್ ಹಾಕಿದರು. ಸ್ಕೋಪನ್ನು ನೆಲದಿಂದ ಬೇರೆ ಮಾಡುವ ಬದಲು ಟಿವಿಯನ್ನೇ ಲೈನಿನಿಂದ ಬೇರೆ ಮಾಡಲು ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿ ಮೇಜಿನ ಕೆಳಗೆ ಇಟ್ಟರು. ಹಿತ್ತಲಲ್ಲಿ ಕುಣಿ ತೋಡಿ, ತಾಮ್ರದ ತಗಡು ಇಳಿಸಿ, ಇದ್ದಲಿ ಮತ್ತು ಉಪ್ಪು ತುಂಬಿ, ಮೂರನೆಯ ಪಿನ್ನಿನ ತಂತಿಯನ್ನು ಅದಕ್ಕೆ ಜೋಡಿಸಿದರು. ಆ ಕುಣಿ ಒಣಗಿದರೆ ಕರೆಂಟ್ ನೆಲಕ್ಕೆ ಸರಿಯಾಗಿ ಇಳಿಯುವುದಿಲ್ಲ. ದಿನಾ ಒಂದು ಕೊಡ ನೀರು ಹಾಕುವ ಕೆಲಸ ನನ್ನದಾಯಿತು. ಬೆಳಿಗ್ಗೆ ಅತ್ತೆ ತುಳಸಿಗೆ ನೀರು ಹಾಕುತ್ತಿದ್ದರು, ನಾನು ಪಕ್ಕದಲ್ಲಿ ಕುಣಿಗೆ. "ನಿನ್ನ ದೇವರಿಗೆ ಬಾಯಾರಿಕಿ ಬಾಳ" ಎಂದು ಅಣಕಿಸುತ್ತಿದ್ದರು.

ಹಳೆಯ ಮಷಿನ್ನನ್ನು ಎಬ್ಬಿಸುವ ರೀತಿಯೂ ಇದೆ. ವರ್ಷಗಟ್ಟಲೆ ಮಲಗಿದ್ದಕ್ಕೆ ಒಮ್ಮೆಲೇ ಪೂರ್ಣ ಕರೆಂಟ್ ಕೊಟ್ಟರೆ ಒಳಗಿನ ಕಂಡೆನ್ಸರುಗಳು ಸಿಡಿಯುತ್ತವೆ. ಅಜ್ಜ ಒಂದು ದೊಡ್ಡ ಬಲ್ಬಿನ ಮೂಲಕ ಕರೆಂಟ್ ಹಾಯಿಸಿ ಕೊಡುತ್ತಿದ್ದರು. ಬಲ್ಬು ಭಗ್ಗೆಂದು ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ಒಮ್ಮೆ ಬೆಳಗಿ ಮಬ್ಬಾದರೆ ಮುಂದೆ ಹೋಗಬಹುದು. ನಮ್ಮದು ಮೊದಲ ಸಲ ಭಗ್ಗೆಂದಿತು. ಒಣಗಿದ ಮೂರು ಕಂಡೆನ್ಸರ್ ಬದಲಿಸಿದ ಮೇಲೆ ಮಬ್ಬಾಯಿತು.

ಇನ್ನೊಂದು ಮಾತು ಅವರು ದಿನಾ ಹೇಳುತ್ತಿದ್ದರು. ಪ್ಲಗ್ ಕಿತ್ತ ಕೂಡಲೇ ಮಷಿನ್ ಸತ್ತಿತು ಎಂದುಕೊಳ್ಳಬೇಡಿ. ಕಂಡೆನ್ಸರುಗಳು ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತವೆ. ಸ್ವಲ್ಪ ಹೊತ್ತು ಬಿಟ್ಟು, ಉದ್ದ ಹಿಡಿಕೆಗೆ ಕಟ್ಟಿದ ದಪ್ಪ ರೆಸಿಸ್ಟರಿನಿಂದ ಅದನ್ನು ಇಳಿಸಬೇಕು. ಮೀಟರ್ ಇಟ್ಟು ಸೊನ್ನೆ ನೋಡಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ಟೆನ್ನಿಸುವುದು ಗಂಡಸುತನವಲ್ಲ, ಹುಚ್ಚುತನ. ಮಷಿನ್ ನಡೆಯುವಾಗ ಒಳಗೆ ಕೈ ಹಾಕುವುದಾದರೆ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ.

ನಾನು ಈ ಕೆಲಸಕ್ಕೆ ಬಂದದ್ದು ಚಿತ್ರ ಬರೆಯಲು. ನನ್ನ ತವರು ಬೀಳಗಿ ಕಡೆಯ ಹೊಳೆದಂಡೆಯ ಹಳ್ಳಿ. ಮನೆಯಲ್ಲಿ ಕೈಮಗ್ಗ. ಅಪ್ಪ ಸೀರೆಯ ಅಂಚಿನ ನಕ್ಷೆಯನ್ನು ಚೌಕ ಚೌಕದ ಕಾಗದದ ಮೇಲೆ ಬರೆಯುತ್ತಿದ್ದರು. ಯಾವ ಚೌಕ ತುಂಬಬೇಕು, ಯಾವುದು ಖಾಲಿ ಬಿಡಬೇಕು ಎಂದು ಎಣಿಸಿ ತುಂಬುವವಳು ನಾನು. ಊರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೆ. ಸ್ಕೋಪಿನ ಪರದೆಯ ಮೇಲೆ ಮೊದಲ ಸಲ ಹಸಿರು ಗೆರೆ ಮೂಡಿದಾಗ ಅಜ್ಜ ನನ್ನನ್ನು ಕರೆದರು.

"ಇಲ್ಲಿ ನೋಡು, ನಿಮ್ಮಪ್ಪನ ಕಾಗದದ ಗತೆ ಚೌಕ ಅದಾವ."

ಹೌದು, ಇದ್ದವು. ಗೆರೆ ಕೋಟೆಗೋಡೆಯ ಹಾಗೆ ಏರಿ ಇಳಿಯುತ್ತಿತ್ತು, ಸೆರಗಿನಲ್ಲಿ ನೇಯುವ ನಕ್ಷೆಯ ಹಾಗೆಯೇ. ನಾನು ಅಪ್ಪನ ಕಾಗದ ತರಿಸಿಕೊಂಡು ಅದನ್ನು ಚೌಕಕ್ಕೆ ಚೌಕ ಇಳಿಸಿದೆ. ಪ್ರೋಬು ಎಲ್ಲಿ ಮುಟ್ಟಿತ್ತು, ಯಾವ ಗುಂಡಿ ಎಷ್ಟಕ್ಕಿತ್ತು ಎಂದು ಪಕ್ಕದಲ್ಲಿ ಬರೆದೆ. ಅಂದಿನಿಂದ ಯಾವುದೇ ಟಿವಿ ರಿಪೇರಿಯಾದರೂ ತಿರುಗಿ ಕೊಡುವ ಮುಂಚೆ ನಾನು ಅದರ ಗೆರೆಗಳನ್ನು ಬರೆದಿಡುತ್ತಿದ್ದೆ. ಮುಂದೆ ಅಂಥದೇ ಕೆಟ್ಟು ಬಂದಾಗ ಎರಡನ್ನೂ ಹೋಲಿಸಿದರೆ ಸಾಕು. ನಮ್ಮ ಸ್ಕೋಪಿನ ಹೊಟ್ಟೆಯೊಳಗಿನ ಗೆರೆಗಳನ್ನೂ, ಅಜ್ಜ ಎರವಲು ತಂದ ಇನ್ನೊಂದು ಸ್ಕೋಪಿನಿಂದ ನೋಡಿ ಬರೆದಿಟ್ಟೆ. ಆ ಕಾಗದಗಳನ್ನೆಲ್ಲ ಹೊಲಿದು ಪುಸ್ತಕ ಮಾಡಿಕೊಂಡೆ.

ಪ್ರೋಬನ್ನು ದಿನಾ ಮೊದಲು ಸರಿ ಮಾಡುವುದೂ ನನ್ನ ಕೆಲಸ. ಸ್ಕೋಪಿನಲ್ಲೇ ಚೌಕ ಗೆರೆ ಕೊಡುವ ಒಂದು ಕೊಂಡಿ ಇದೆ. ಅಲ್ಲಿ ಮುಟ್ಟಿಸಿ, ಪ್ರೋಬಿನ ಸಣ್ಣ ತಿರುಪು ತಿರುವಿ, ಕೋಟೆಯ ಮೂಲೆಗಳು ನೆಟ್ಟಗಾಗುವಂತೆ ಮಾಡಬೇಕು. ಮೂಲೆ ದುಂಡಗಿದ್ದರೂ ತಪ್ಪು, ಕೊಂಬು ಬಂದರೂ ತಪ್ಪು. ಇದನ್ನು ಮಾಡದೆ ಅಳೆದು ಟಿವಿಯ ತಪ್ಪು ಹುಡುಕುವವರು ತಮ್ಮ ಪ್ರೋಬಿನ ತಪ್ಪನ್ನು ಹುಡುಕುತ್ತಿರುತ್ತಾರೆ. ಮತ್ತೆ, ಟಿವಿಯ ಪಿಕ್ಚರ್ ಟ್ಯೂಬಿಗೆ ಹೋಗುವ ದಪ್ಪ ಕೆಂಪು ತಂತಿಯ ಹತ್ತಿರ ಈ ಪ್ರೋಬನ್ನು ಯಾವತ್ತೂ ಒಯ್ಯಬೇಡಿ. ಅದು ಇದರ ಕೈಗೆ ಮೀರಿದ್ದು.

ಚಿತ್ರ ಬರೆಯುತ್ತ ಬರೆಯುತ್ತ ಪ್ರೋಬು ಹಿಡಿಯುವುದಕ್ಕೂ ಬಂದೆ. ಅಜ್ಜ ಮೊದಲು ನನ್ನ ಕೈ ನೋಡಿದರು. ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆ, ಅವುಗಳ ನಡುವೆ ತವರಿನ ಒಂದೊಂದು ಬಂಗಾರದ ಪಾಟ್ಲಿ. ಕೊರಳಲ್ಲಿ ತಾಳಿ ಜೋಲುತ್ತಿತ್ತು.

"ಪಾಟ್ಲಿ ತಗದಿಡು. ತಾಳಿ ಕುಬಸದಾಗ ಸೇರಸು. ಒಳಗ ಎರಡು ಸಾವಿರ ವೋಲ್ಟ್ ಐತಿ, ಅದಕ್ಕ ಬಂಗಾರ ಯಾವ್ದು ಹಿತ್ತಾಳಿ ಯಾವ್ದು ತಿಳಿಯೂದಿಲ್ಲ."

"ಗಾಜಿನ ಬಳಿ?"

"ಗಾಜಿನಾಗ ಕರೆಂಟ್ ಹಾಯೂದಿಲ್ಲ. ಇರಲಿ ಬಿಡು."

ಇರಲಿ ಬಿಡು ಎಂದದ್ದು ತಪ್ಪಾಯಿತು. ಒಂದು ವಾರದೊಳಗೆ ಒಂದು ಬಳೆ ತೆರೆದ ಸ್ಕೋಪಿನ ಚೌಕಟ್ಟಿನ ಅಂಚಿಗೆ ತಾಕಿ ಒಡೆದು ಚೂರು ಒಳಗೆ ಬಿತ್ತು. ಅದು ಬಿದ್ದದ್ದು ಟ್ಯೂಬಿನ ಸಪೂರ ಕುತ್ತಿಗೆಯ ಕಡೆ. ಆ ಗಾಜಿನ ಕುತ್ತಿಗೆ ಸೀಳಿದರೆ ಸ್ಕೋಪಿನ ಕಣ್ಣೇ ಹೋದ ಹಾಗೆ. ಇಡೀ ಮಧ್ಯಾಹ್ನ ಪೆಟ್ಟಿಗೆಯನ್ನು ಅತ್ತ ಇತ್ತ ವಾಲಿಸಿ, ಬಣ್ಣದ ಕುಂಚದಿಂದ ಸವರಿ ಆ ಚೂರು ಹುಡುಕಿದೆವು. ಸಿಕ್ಕಿತು. ಇನ್ನು ಮುಚ್ಚಳ ತೆರೆಯುವ ಮುಂಚೆ ಎಲ್ಲ ಬಳೆ ತೆಗೆದಿಡುತ್ತೇನೆ ಎಂದೆ. ಇದು ನಾನು ಮಾಡಿದ ನಿರ್ಧಾರ, ಅವರದ್ದಲ್ಲ.

ಅಡಿಗೆಮನೆಯಿಂದ ಒಂದು ತಗಡಿನ ಡಬ್ಬಿ ತಂದು ಸ್ಕೋಪಿನ ಪಕ್ಕ ಇಟ್ಟೆ. ಬೆಳಿಗ್ಗೆ ತೆಗೆದು ಅದರಲ್ಲಿ ಹಾಕುವುದು, ಕೆಲಸ ಮುಗಿದು ಮುಚ್ಚಳ ಕೂಡಿಸಿದ ಮೇಲೆ ಹಾಕಿಕೊಳ್ಳುವುದು. ಅತ್ತೆ ನೋಡಿದ್ದೇ ತಡ, ಎದೆ ಬಡಿದುಕೊಂಡರು.

"ಗಂಡ ಎದುರಿಗೆ ಕುಂತಾನ, ಹೇಣ್ತಿ ಬೋಳಗೈಲೆ ಕುಂತಾಳ! ಯಾವ ಊರಾಗರೆ ಐತೇನ ಇದು?"

"ಯವ್ವಾ, ಬಳಿ ಇದ್ರ ಆಕಿ ಹೋಗತಾಳ. ಆಕಿ ಹೋದ್ರ ಬಳಿ ಯಾರ್ ಹಾಕ್ಕೋತಾರ?" ಎಂದರು ಅಜ್ಜ.

"ಹಂಗಂದ್ರ ನೀನ ಹಾಕ್ಕೊಂಡು ಕುಂಡ್ರು. ಆಕಿನ್ನ ಒಳಗ ಕಳಸು, ರೊಟ್ಟಿ ಬಡೀಲಿ."

ಮರುದಿನ ಅತ್ತೆಯೇ ಒಂದು ಉಪಾಯ ತಂದರು. ಮಗ್ಗದ ನೂಲಿನ ಎಳೆಗಳನ್ನು ಹೊಸೆದು ಅರಿಶಿನದಲ್ಲಿ ಅದ್ದಿ, ಬಳೆ ತೆಗೆದ ನನ್ನ ಮುಂಗೈಗೆ ಕಟ್ಟಿದರು. ಮುತ್ತೈದೆಯ ಕೈ ಬರಿದಾಗಿರಬಾರದಲ್ಲ. ಅಜ್ಜ ನೂಲು ಮುಟ್ಟಿ ನೋಡಿದರು. "ಹಸಿ ಐತಿ ಯವ್ವಾ. ಒಣಗಿಸಿ ಕಟ್ಟು." ಅತ್ತೆ ಗೊಣಗುತ್ತ ಮಾಳಿಗೆಗೆ ಹೋಗಿ ಒಣ ಹಾಕಿದರು. ಅಂದಿನಿಂದ ದಿನಾ ಒಣಗಿದ ನೂಲು.

ದಿನಾ ತೆಗೆದು ಹಾಕಬೇಕಾದರೆ ಬಳೆ ಸಡಿಲಿರಬೇಕು. ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ ನಕ್ಕದ್ದೇ ನಕ್ಕದ್ದು. "ನಿಮ್ಮ ಕೈಗೆ ಎರಡು-ನಾಲ್ಕು ಸರಿ ಆಕ್ಕಾವರಿ. ಎರಡು-ಎಂಟು ಹಾಕ್ಕೊಂಡ್ರ ನೀರ ಸೇದೋ ಮುಂದ ಬಾವ್ಯಾಗ ಬೀಳತಾವ ನೋಡ್ರಿ." ನಾನು ತಲೆ ತಗ್ಗಿಸಿ ಎರಡು-ಎಂಟೇ ಕೊಡಿ ಎಂದೆ. ಇಡೀ ಬನಹಟ್ಟಿಯಲ್ಲಿ ನನ್ನಷ್ಟು ಸಡಿಲ ಬಳೆಯ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ. ನಾನು ಬರುವುದು ಸದ್ದಿನಲ್ಲೇ ಗೊತ್ತಾಗುತ್ತಿತ್ತು.

ಹೀಗೆ ಕೆಲವು ವರ್ಷ ನಡೆಯಿತು. ಅಷ್ಟರಲ್ಲಿ ನನ್ನ ತವರಿಗೆ ನೀರು ಬಂತು. ಅಪ್ಪ ಮಗ್ಗ ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ನಾನು ಓದಿದ ಸಾಲಿ ಮುಳುಗಿತು.

ನಿಮ್ಮ ಅಜ್ಜ ಹೋದದ್ದು ಒಂದು ಬೇಸಿಗೆಯಲ್ಲಿ. ಆ ವಾರವೆಲ್ಲ ಎಡತೋಳು ತಿಕ್ಕಿಕೊಳ್ಳುತ್ತಿದ್ದರು. ಎದೆನೋವೆಂದು ಮುಧೋಳದ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಮುಗಿಯಿತು. ಸ್ಕೋಪಿನ ಕರೆಂಟ್ ಹೊಡೆದು ಸತ್ತರು ಎಂದು ಓಣಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ಅದು ಸುಳ್ಳು. ನಿಮ್ಮೆದುರು ಯಾರಾದರೂ ಹಾಗೆ ಅಂದರೆ ಸುಳ್ಳೆಂದು ಹೇಳಿ.

ಮಣ್ಣಿಗೆ ಒಯ್ಯುವ ಮುಂಚೆ ಹೆಂಗಸರು ನನ್ನ ಸುತ್ತ ಕೂತರು. ಓಣಿಯ ಹಿರಿಯಾಕೆಯೊಬ್ಬಳು ಒಂದು ಗುಂಡುಕಲ್ಲು ತಂದಿದ್ದಳು.

"ಮುಂಗೈ ಚಾಚು, ಯವ್ವಾ."

ನಾನು ಚಾಚಲಿಲ್ಲ. ಎದ್ದು ಮುಂದಿನ ಕೋಣೆಗೆ ಹೋಗಿ ಡಬ್ಬಿ ತಂದೆ. ಅವರೆಲ್ಲರ ಮುಂದೆ ಕೂತು ಬಳೆಗಳನ್ನು ಒಂದೊಂದಾಗಿ ಜಾರಿಸಿ ಡಬ್ಬಿಯಲ್ಲಿ ಹಾಕಿದೆ. ಸಡಿಲಿದ್ದವಲ್ಲ, ಸಲೀಸಾಗಿ ಬಂದವು.

"ಒಡೀಬೇಕ ಬೇ, ಹಂಗ ತಗದಿಡಬಾರದು" ಎಂದಳು ಆಕೆ.

"ಒಡಿಯೂದಿಲ್ರಿ. ದಿನಾ ತಗದಿಟ್ಟಾಕಿ ನಾ. ಇವತ್ತೂ ತಗದಿಡತೀನಿ."

"ದುಃಖದಾಗ ತಲಿ ತಿರಗೇತಿ ಆಕಿಗೆ" ಎಂದು ಯಾರೋ ಹಿಂದಿನಿಂದ ಅಂದರು. ತಲೆ ತಿರುಗಿರಲಿಲ್ಲ. ಅಷ್ಟು ತಿಳಿಯಾಗಿ ಅದು ಯಾವತ್ತೂ ಇರಲಿಲ್ಲ. ಅತ್ತೆ ಮಗನ ತಲೆಯ ಹತ್ತಿರ ಕೂತಿದ್ದರು. ನನ್ನನ್ನೊಮ್ಮೆ ನೋಡಿದರು.

ತಿಂಗಳು ಕಳೆದ ಮೇಲೆ ಭಾವನವರು ಸ್ಕೋಪು ಮಾರಲೆಂದು ಮುಧೋಳದ ಒಬ್ಬ ಮೆಕ್ಯಾನಿಕ್ಕನನ್ನು ಕರೆತಂದರು. ಅವರಿಗೆ ಮುಂದಿನ ಕೋಣೆ ಬೇಕಿತ್ತು, ಮಗ್ಗದ ಕಂಡಿಕೆಗೆ ನೂಲು ಸುತ್ತುವ ಯಂತ್ರ ಇಡಲು. ಅವರು ಕೆಟ್ಟವರಲ್ಲ. ಸತ್ತವನ ಸಾಮಾನು ಮನೆಯಲ್ಲಿ ಸುಮ್ಮನೆ ಯಾಕಿರಬೇಕು ಎನ್ನುವವರು. ಆದರೆ ನನಗೆ ಗೊತ್ತಿತ್ತು: ಸ್ಕೋಪು ಹೋದರೆ ಮೇಜು ಹೋಗುತ್ತದೆ, ಮೇಜು ಹೋದರೆ ಆ ಕೋಣೆಗೆ ನಾನು ಕಸಬರಿಗೆ ಹಿಡಿದು ಮಾತ್ರ ಹೋಗಬಹುದು. ಉಳಿದ ಜೀವಮಾನವೆಲ್ಲ ಹಾಗೇ.

ನಾನು ಒಳಬಾಗಿಲ ಹಿಂದೆ ನಿಂತಿದ್ದೆ. ಬಂದಾತ ಸ್ಕೋಪನ್ನು ಸುತ್ತ ನೋಡಿ, ಪ್ಲಗ್ ಎತ್ತಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ.

"ಮೊದಲ ಈ ಮೂರನೇ ಪಿನ್ನಿನ ಅರ್ಥಿಂಗ ವಾಯರ್ ಕಿತ್ತ ಒಗೀಬೇಕ್ರಿ. ಇದಿದ್ರ ಟಿವಿ ಮ್ಯಾಲ ಕೆಲಸ ಆಗೂದಿಲ್ಲ."

ಸೆರಗು ತಲೆ ಮೇಲೆ ಎಳೆದುಕೊಂಡು ಹೊರಗೆ ಬಂದೆ. ಮದುವೆಯಾದ ಮೇಲೆ ಭಾವನವರ ಎದುರಿಗೆ ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

"ಅದಕ್ಕ ಕೈ ಹಚ್ಚಬ್ಯಾಡ್ರಿ."

"ಯಾಕ್ರಿ ಅಕ್ಕಾರ? ಎಲ್ಲಾರೂ ಹಿಂಗ ಮಾಡೂದು."

"ಎಲ್ಲಾರೂ ಮಾಡಿದ್ರ ಕರೆಂಟ್ ಸುಮ್ನ ಕುಂಡರತೈತೇನ್ರಿ?"

"ಮತ್ತ ಟಿವಿ ಹೆಂಗ ನೋಡವ್ರು?"

"ಟಿವಿನ್ನ ಬ್ಯಾರೆ ಮಾಡ್ರಿ, ಸ್ಕೋಪನ್ನಲ್ಲ" ಎಂದು ಮೇಜಿನ ಕೆಳಗಿನ ಟ್ರಾನ್ಸ್‌ಫಾರ್ಮರ್ ತೋರಿಸಿದೆ.

ಆತ ಭಾವನವರ ಕಡೆ ತಿರುಗಿ ನಕ್ಕ. "ಮೆಕ್ಯಾನಿಕ್ ಹೋಗ್ಯಾನ ಅಂದ್ರಿ. ಇಲ್ಲೇ ಅದಾನಲ್ರಿ, ಸೀರಿ ಉಟಗೊಂಡು!"

"ಮಾರೂದಿಲ್ರಿ" ಎಂದೆ.

"ಮಾರೂದಿಲ್ಲ ಅಂದ್ರ ಇದನ್ನ ಯಾರ್ ನಡಸವ್ರು? ಪೂಜಿ ಮಾಡವ್ರೇನು?" ಎಂದರು ಭಾವ.

"ನಾನ."

ಹಿಂದೆ ನಾಲ್ಕೂ ಮಗ್ಗ ಬಡಿಯುತ್ತಿದ್ದವು. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಕೂಗಿ ಹೇಳಬೇಕಾಯಿತು: "ನಾನ ನಡಸತೀನ್ರಿ!"

ಮೂಲೆಯಲ್ಲಿ ಇನ್ನೊಂದು ಸ್ಕೋಪು ಬಿದ್ದಿತ್ತು. ಜಮಖಂಡಿಯ ಒಂದು ಕಾಲೇಜಿನದು, ರಿಪೇರಿಗೆ ಬಂದಿತ್ತು. ಅಜ್ಜ ಅದರ ಕೆಲಸ ಅರ್ಧ ಮಾಡಿದ್ದರು. ಭಾವ ಅದನ್ನು ತೋರಿಸಿದರು. "ಆತು ತಗೋ. ಇದನ್ನ ನಡಸಿ ತೋರಸು. ಅವ್ರ ಮಾಸ್ತರ ಬರೂದ್ರಾಗ ಆಗಲಿಲ್ಲಂದ್ರ ನಾ ಕಂಡಿಕಿ ಮಷಿನ್ ತರಾಂವ. ಆಮ್ಯಾಲ ಅಳಬಾರದು."

ಮರುದಿನ ಬೆಳಿಗ್ಗೆ ಕುಣಿಗೆ ನೀರು ಹಾಕಿ, ಮೇಜಿನ ಮುಂದೆ ಕೂತೆ. ಅಭ್ಯಾಸದಂತೆ ಬಲಗೈ ಎಡಗೈಯ ಬಳೆಗೆ ಹೋಯಿತು. ತೆಗೆದಿಡಲು ಏನೂ ಇರಲಿಲ್ಲ. ನೂಲು ಕಟ್ಟಲು ಅತ್ತೆಯೂ ಬರಲಿಲ್ಲ. ಬರಿಗೈ ನೋಡಿ ಅವತ್ತು ಬಂದಷ್ಟು ಸಿಟ್ಟು, ಅವರು ಸತ್ತ ದಿನವೂ ಬಂದಿರಲಿಲ್ಲ.

ಬಲ್ಬಿನ ಮೂಲಕ ಕರೆಂಟ್ ಕೊಟ್ಟೆ. ಬಲ್ಬು ಮಬ್ಬಾಯಿತು, ಒಳ್ಳೆಯದು. ಆದರೆ ಪರದೆಯ ಮೇಲೆ ಗೆರೆ ಬರಲಿಲ್ಲ. ನಡುವೆ ಒಂದೇ ಚುಕ್ಕೆ, ಕೊಳ್ಳಿಯ ಹಾಗೆ ಉರಿಯುತ್ತಿತ್ತು. ಕೂಡಲೇ ಬೆಳಕಿನ ಗುಂಡಿ ಕಡಿಮೆ ಮಾಡಿದೆ. ಇಲ್ಲದಿದ್ದರೆ ಚುಕ್ಕೆ ನಿಂತಲ್ಲೇ ಪರದೆಯನ್ನು ಸುಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ.

ಚುಕ್ಕೆಯನ್ನು ಎಡದಿಂದ ಬಲಕ್ಕೆ ಎಳೆದರೆ ಗೆರೆ. ಎಳೆಯುವುದು ಒಳಗಿನ ಇನ್ನೊಂದು ಅಲೆ, ಗರಗಸದ ಹಲ್ಲಿನಂಥದು: ನಿಧಾನ ಏರುವುದು, ಥಟ್ಟನೆ ಬೀಳುವುದು. ಕಾಲೇಜಿನದು ನಮ್ಮದರ ಒಡಹುಟ್ಟಿದಂಥ ಮಷಿನ್. ನನ್ನ ಪುಸ್ತಕದಲ್ಲಿ ಆ ಹಲ್ಲಿನ ಚಿತ್ರವಿತ್ತು. ನಮ್ಮ ಸ್ಕೋಪಿನ ಪ್ರೋಬು ಸರಿ ಮಾಡಿಕೊಂಡು, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಅದೇ ಜಾಗ ಮುಟ್ಟಿದೆ. ಚಪ್ಪಟೆ ಗೆರೆ. ಹಲ್ಲೇ ಇಲ್ಲ.

ಎರಡು ದಿನ ನಾನು ತಪ್ಪು ದಾರಿಯಲ್ಲಿ ಹೋದೆ. ಕಂಡೆನ್ಸರೇ ಇರಬೇಕೆಂದು ನಾಲ್ಕು ಬದಲಿಸಿದೆ. ಚುಕ್ಕೆ ಜಾಗ ಬಿಟ್ಟು ಕದಲಲಿಲ್ಲ. ಭಾವನವರು ಬಾಗಿಲಲ್ಲಿ ನಿಂತು ಹಣಕಿ, "ಚುಕ್ಕಿ ಐತೆಲ್ಲಾ, ರಂಗೋಲಿ ಹಾಕು" ಎಂದು ಹೋದರು.

ಮೂರನೆಯ ದಿನ ಪ್ಲಗ್ ಕಿತ್ತು, ಕರೆಂಟ್ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಬಿಸಿಲಿಗೆ ಹಿಡಿದು ನೋಡಿದಾಗ ಮೂರು ಬೆಸುಗೆಗಳು ಉಳಿದವುಗಳಿಗಿಂತ ಹೊಳೆಯುತ್ತಿದ್ದವು. ಹೊಸ ಬೆಸುಗೆ. ಅಜ್ಜ ಅಲ್ಲಿ ಒಂದು ಟ್ರಾನ್ಸಿಸ್ಟರ್ ಬದಲಿಸಿದ್ದರು. ಹಳೆಯದು ಸಿಗದೆ ಬದಲಿಯದು ಹಾಕಿದ್ದರು. ಅವರ ಪೆಟ್ಟಿಗೆಯಲ್ಲಿದ್ದ ಟ್ರಾನ್ಸಿಸ್ಟರುಗಳ ಪುಸ್ತಕ ತೆಗೆದು ನೋಡಿದೆ. ಎರಡಕ್ಕೂ ಮೂರು ಕಾಲುಗಳೇ, ಆದರೆ ಕಾಲುಗಳ ಸಾಲು ಬೇರೆ. ಹಳೆಯದರ ನಡುಗಾಲು ಹೊಸದರಲ್ಲಿ ಅಂಚಿನಲ್ಲಿತ್ತು. ಅವರು ಹಳೆಯ ಸಾಲಿನಲ್ಲೇ ಹಾಕಿಬಿಟ್ಟಿದ್ದರು. ತೋಳು ನೋಯುತ್ತಿದ್ದ ವಾರದ ಕೆಲಸ ಅದು.

ಬೆಸುಗೆ ಕಡ್ಡಿ ಕಾಯುವವರೆಗೆ ಸುಮ್ಮನೆ ಕೂತೆ. ಕಾದ ಮೇಲೂ ಸ್ವಲ್ಪ ಹೊತ್ತು ಕೂತೆ. ಅದು ಅವರ ಕೈಯ ಕೊನೆಯ ಬೆಸುಗೆ. ಆಮೇಲೆ ಬಿಚ್ಚಿದೆ. ಗಂಡನ ತಪ್ಪು ಹೆಂಡತಿ ಎತ್ತಿ ಆಡಬಾರದು ಎನ್ನುತ್ತಾರೆ. ನಾನು ಎತ್ತಿಯೂ ಆಡುತ್ತೇನೆ, ಇಲ್ಲಿ ಬರೆದೂ ಇಡುತ್ತೇನೆ. ಅವರು ನನಗೆ ಕಲಿಸಿದ್ದೇ ತಪ್ಪು ಎಲ್ಲಿದೆ ಎಂದು ಹುಡುಕುವುದನ್ನು. ಅವರದೊಂದನ್ನು ಬಿಟ್ಟು ಹುಡುಕು ಎಂದು ಹೇಳಿರಲಿಲ್ಲ.

ಟ್ರಾನ್ಸಿಸ್ಟರಿಗೆ ಮೀಟರ್ ಇಟ್ಟು ನೋಡಿದೆ. ಬದುಕಿತ್ತು. ಕಾಲುಗಳಿಗೆ ಕೊಳವೆ ಏರಿಸಿ, ಒಂದನ್ನೊಂದು ದಾಟಿಸಿ, ಸರಿಯಾದ ಸಾಲಿನಲ್ಲಿ ಕೂಡಿಸಿದೆ. ಮತ್ತೆ ಬಲ್ಬಿನ ಮೂಲಕ ಕರೆಂಟ್. ಮೊದಲು ಕತ್ತಲೆ. ಟ್ಯೂಬು ಕಾಯಬೇಕು. ಆಮೇಲೆ ಚುಕ್ಕೆ ಬಂತು, ಬಂದದ್ದೇ ಸರ್ರನೆ ಎರಡೂ ಅಂಚಿಗೆ ಎಳೆದುಕೊಂಡು ಗೆರೆಯಾಯಿತು. ನಮ್ಮ ಸ್ಕೋಪಿನಲ್ಲಿ ಗರಗಸದ ಹಲ್ಲು. ನನ್ನ ಪುಸ್ತಕ ಪಕ್ಕದಲ್ಲಿಟ್ಟು ಚೌಕ ಎಣಿಸಿದೆ. ಒಂದಕ್ಕೊಂದು ತಾಳೆಯಾಯಿತು.

ಮಾಸ್ತರರು ಬಂದದ್ದು ಎರಡು ದಿನ ಬಿಟ್ಟು. ಭಾವನವರು ಬೇಕೆಂದೇ ಮಗ್ಗ ನಿಲ್ಲಿಸಿ ಬಂದು ಕೂತರು. ಮಾಸ್ತರರು ಒಂದೊಂದೇ ಗುಂಡಿ ತಿರುಗಿಸಿ ನೋಡಿದರು. ಮುಚ್ಚಳ ತೆಗೆಸಿ ಒಳಗೂ ನೋಡಿದರು.

"ಯಾರ್ ಮಾಡಿದ್ರಿ ಇದನ್ನ?"

ಭಾವ ನನ್ನ ಕಡೆ ಕೈ ತೋರಿಸಿದರು.

"ಎಲ್ಲಿ ಕಲ್ತ್ರಿ ಅವ್ವಾರ? ಯಾವ ಸಾಲಿ ನಿಮ್ದು?"

"ನನ್ನ ಸಾಲಿ ನೀರಾಗ ಐತ್ರಿ" ಎಂದೆ. "ಬೀಳಗಿ ಕಡೆ ಹೋದ್ರ, ನೀರ ಇಳದಾಗ ಗೋಡಿ ಕಾಣತಾವ. ಕೇಳಿ ಬರ್ರಿ ಬೇಕಾದ್ರ."

ಅವರು ಚೇಷ್ಟೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಹೋಗುವಾಗ, ಲ್ಯಾಬಿನಲ್ಲಿ ಇಂಥವು ಇನ್ನೆರಡು ಬಿದ್ದಿವೆ, ಕಳಿಸುತ್ತೇನೆ ಎಂದರು. ಕಳಿಸುವ ಮುಂಚೆ ಲ್ಯಾಬಿನ ಸಾಕೆಟ್ಟುಗಳ ಮೂರನೆಯ ತೂತಿನಲ್ಲಿ ತಂತಿ ಇದೆಯೋ ಇಲ್ಲವೋ ಬಿಚ್ಚಿ ನೋಡಿಸಿ ಎಂದೆ. ಭಾವನವರು ಎದ್ದು ಹೋಗಿ ಮಗ್ಗ ಶುರು ಮಾಡಿದರು. ಕಂಡಿಕೆ ಯಂತ್ರ ಬಂತು, ಹಿತ್ತಲಲ್ಲಿ ತಗಡು ಹೊದಿಸಿ ಅಲ್ಲಿಟ್ಟರು.

ಅವರೆಲ್ಲ ಹೋದ ಮೇಲೆ ನಾನು ಇಕ್ಕಳ, ಮೀಟರು, ಪ್ರೋಬು ಎತ್ತಿಟ್ಟೆ. ಮೇಜು ಒರೆಸಿದೆ. ಕೆಲಸ ಮುಗಿದಿತ್ತು. ಡಬ್ಬಿ ತೆರೆದೆ. ಹಸಿರು ಬಳೆ, ಎರಡು ಪಾಟ್ಲಿ, ಎಲ್ಲ ಹಾಗೇ ಇದ್ದವು. ಒಂದೊಂದಾಗಿ ಹಾಕಿಕೊಂಡೆ. ಸದ್ದು ಕೇಳಿ ಅತ್ತೆ ಬಾಗಿಲಿಗೆ ಬಂದರು.

"ಏನ್ ಮಾಡಾಕತ್ತಿ?"

"ಕೆಲಸ ಮುಗೀತ್ರಿ ಅತ್ತಿ."

"ತಗಿ ಅವನ್ನ. ಮಂದಿ ಏನಂದಾರು? ತಗಿ ಅಂದ್ನೆಲ್ಲಾ!"

"ಮುಂಜಾನಿ ತಗೀತೀನ್ರಿ. ಮುಚ್ಚಳಾ ತಗಿಯೋ ಮುಂದ."

ಅತ್ತೆ ಬಹಳ ದಿನ ನನ್ನ ಸಂಗಡ ಮಾತಾಡಲಿಲ್ಲ. ಭಾವನವರ ಒಲೆಯ ರೊಟ್ಟಿ ಉಂಡರು. ತಮ್ಮ ಕೈಯನ್ನು ಅವರು ಚಿಕ್ಕ ವಯಸ್ಸಿನಲ್ಲೇ ಬರಿದು ಮಾಡಿಕೊಂಡಿದ್ದರು, ನನ್ನದನ್ನು ಸಾಯುವವರೆಗೂ ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಕಡೆ ಕಡೆಗೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು, ಬಳೆಯ ಮಾತು ಮಾತ್ರ ಬರುತ್ತಿರಲಿಲ್ಲ. ಓಣಿಯ ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯುವುದು ನಿಂತಿತು. ಕರೆಯದಿದ್ದರೆ ಬಿಡಲಿ. ಅದೇ ಓಣಿಯವರು ಟಿವಿ ಕೆಟ್ಟಾಗ ನನ್ನ ಬಾಗಿಲಿಗೇ ತಂದರು. ಬಳೆಗಾರ ಬಂದಾಗ ನನ್ನ ಮನೆಯ ಮುಂದೆ ಅನುಮಾನಿಸಿ ನಿಂತ. "ಎರಡು-ಎಂಟು" ಎಂದೆ. ಹೆಗಲ ಮೇಲಿನ ಬಳೆಗಳ ಮಲಾರ ಇಳಿಸಿ ಕೊಟ್ಟು ಹೋದ.

ಈಗ ತೆಳುವಾದ ಟಿವಿಗಳು ಬಂದಿವೆ. ಅಂಗಡಿಗೆ ಕೆಲಸ ಕಡಿಮೆ. ಕಾಲೇಜುಗಳ ಹಳೆಯ ಸ್ಕೋಪುಗಳು ಆಗೊಮ್ಮೆ ಈಗೊಮ್ಮೆ ಬರುತ್ತವೆ. ಆ ದಿನ ಡಬ್ಬಿ ತುಂಬಿರುತ್ತದೆ. ನೀವು ಬಂದ ದಿನ ಖಾಲಿ ಇತ್ತು, ಯಾಕೆಂದರೆ ಬಳೆ ನನ್ನ ಕೈಯಲ್ಲಿದ್ದವು. ದೊಡ್ಡವಳೇ, ರೊಟ್ಟಿ ಹಿಟ್ಟಿನ ಕೈಯಲ್ಲಿ ನಿನ್ನಿಂದ ಪ್ಲಗ್ ಕಸಿದುಕೊಂಡಾಗ ಸದ್ದು ಮಾಡಿದ್ದು ಅವೇ.

ಮುಂದಿನ ಸೂಟಿಗೆ ಬಂದಾಗ ನೀನೇ ಸ್ಕೋಪು ಹಚ್ಚು. ಉಂಗುರ, ಗಡಿಯಾರ, ಬಳೆ ಡಬ್ಬಿಯಲ್ಲಿ ಹಾಕು. ಮುಗಿದ ಮೇಲೆ ಹಾಕಿಕೋ, ಯಾರನ್ನೂ ಕೇಳಬೇಡ. ಮೂರು ತೂತಿನ ಸಾಕೆಟ್ಟು ಮೇಜಿನ ಎಡಗಡೆ ಇದೆ. ಕುಣಿಗೆ ಇವತ್ತೂ ನೀರು ಹಾಕಿದ್ದೇನೆ.